ಫಲಕದ ಮೂರನೆಯ ಹೆಸರು

"ನಮ್ಮ ಮನಿಯವ್ರ ಹೆಸ್ರು ಇದ್ರಾಗ ಐತೇನ್ರಿ ಸರ?"

ಶಾಲೆಯ ಪಡಸಾಲೆಯಲ್ಲಿ ತೂಗುಹಾಕಿದ್ದ ಫಲಕದ ಮುಂದೆ ನಿಂತು ಅಜ್ಜಿಯೊಬ್ಬರು ಕೇಳಿದರು. ಕೂಡ್ಲಿಗಿ ತಾಲ್ಲೂಕಿನ ನಮ್ಮ ಹಳ್ಳಿ ಶಾಲೆಯಲ್ಲಿ ಓದಿ, ಯುದ್ಧಕ್ಕೆ ಹೋಗಿ, ಮರಳಿ ಬಾರದವರ ಹೆಸರುಗಳ ಫಲಕ ಅದು. ಹಿಂದಿನ ದಿನವಷ್ಟೇ ಅಕ್ಷರಗಳಿಗೆ ಹೊಸ ಬಣ್ಣ ಬಳಿಸಿದ್ದೆವು.

"ಅವರ ಹೆಸರೇನಮ್ಮ?" ಎಂದೆ.

"ಗಂಡನ ಹೆಸ್ರು ನಾ ಹೆಂಗ ಹೇಳ್ಲಿ? ಓದಾಕ ಬರಲ್ಲ ನಂಗ. ನೀವ ಒಂದೊಂದ ಓದ್ರಿ."

ತರಗತಿಯಲ್ಲಿ ಮಕ್ಕಳು ಗದ್ದಲ ಮಾಡುತ್ತಿದ್ದರು. ಬೇಗ ಮುಗಿಸಿಬಿಡೋಣ ಎಂದು ಓದಿದೆ. ಉಜ್ಜಿನಪ್ಪ ಎಂದೆ. ಅಜ್ಜಿ ಕದಲಲಿಲ್ಲ. ಮೈಲಪ್ಪ ಎಂದೆ. ಅಲ್ಲವೆಂದು ತಲೆಯಾಡಿಸಿದರು. ದುರುಗಪ್ಪ ಎಂದ ಕೂಡಲೇ, ಗಂಡನೇ ಎದುರಿಗೆ ಬಂದನೇನೋ ಎಂಬಂತೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಇನ್ನೊಮ್ಮಿ ಓದ್ರಿ," ಎಂದರು.

ಕೇಳಿಸಲಿಲ್ಲವೇನೋ ಎಂದುಕೊಂಡು ಜೋರಾಗಿ ಓದಿದೆ.

"ಮೊದ್ಲ ಕೇಳಿತ್ರಿ. ನಮ್ಮತ್ತಿ ಹೋದಮ್ಯಾಲೆ ಈ ಹೆಸ್ರು ಕರಿಯೋರು ಮನ್ಯಾಗ ಯಾರೂ ಇಲ್ಲ, ಅದಕ್ಕ."

ಅಷ್ಟು ಹೇಳಿ, ಸೆರಗು ಸರಿಮಾಡಿಕೊಂಡು ಗೇಟು ದಾಟಿ ಹೋದರು.

ಹಾಜರಿ ಕೂಗುವಾಗ ಉತ್ತರ ಬಾರದ ಹೆಸರಿನ ಮುಂದೆ ಗೈರು ಎಂದು ಗುರುತು ಹಾಕಿ ಮುಂದಕ್ಕೆ ಹೋಗುವುದು ನನ್ನ ರೂಢಿಯಾಗಿತ್ತು. ಈಗ ಆ ಹೆಸರನ್ನು ಇನ್ನೊಂದು ಸಲ ಕೂಗುತ್ತೇನೆ.