ಕಿವಿ ನೋಡಿ ಗುರಿ

ಚೂಪು ಮೊನೆಯ ಪುಟ್ಟ ಬಾಣಗಳನ್ನು ಬೋರ್ಡಿಗೆ ಎಸೆಯುವ ಡಾರ್ಟ್ಸ್ ಆಟದಲ್ಲಿ ಅಂಕ ಬರೆಯುವವನು ಬೋರ್ಡಿನ ಪಕ್ಕದಲ್ಲೇ ನಿಲ್ಲಬೇಕು. ಎಸೆಯುವವರ ಕೈ ಮೇಲೆ ನಂಬಿಕೆ ಇಟ್ಟು ಮಾಡುವ ಕೆಲಸ ಅದು. ಗಂಗಾವತಿಯ ಕಲ್ಯಾಣಮಂಟಪದಲ್ಲಿ ಗಂಡಸರು, ಹೆಂಗಸರು ಒಟ್ಟಿಗೇ ಆಡಿದ ಪಂದ್ಯಾವಳಿಯಲ್ಲಿ ಅಂಕ ಬರೆಯಲು ನಿಂತಿದ್ದ ನನ್ನನ್ನು ಆ ನಂಬಿಕೆ ಬಿಟ್ಟು ಓಡಿಹೋಯಿತು.

ಸೆಮಿಫೈನಲ್‌ನಲ್ಲಿ ಗಿಣಿಗೇರಾದ ಕಾರ್ಖಾನೆ ನೌಕರನೊಬ್ಬನ ಎದುರು ನಿಂತವರು ಸಿದ್ದಾಪುರದಲ್ಲಿ ಹೊಲಿಗೆ ಕಲಿಸುವ ಹಸೀನಾಬಿ. ಡಾರ್ಟ್ ಎತ್ತಿದರು. ನೋಡಿದ್ದು ಮಾತ್ರ ಬೋರ್ಡನ್ನಲ್ಲ, ನನ್ನನ್ನು. ನಾನು ಮೆಲ್ಲಗೆ ಹಿಂದೆ ಸರಿದೆ.

"ಸರ, ಅಲ್ಲಾಡಬ್ಯಾಡ್ರಿ. ಅಲ್ಲೇ ನಿಂದರ್ರಿ."

"ಯಾಕ್ರೀ ಅಕ್ಕಾರ?"

"ಚಸ್ಮಾ ಬಸ್ಸಿನಾಗ ಮರತು ಬಂದೀನ್ರಿ. ಬೋರ್ಡು ಮಬ್ಬು ಕಾಣತೈತಿ. ನಿಮ್ಮ ಕಿವಿ ಮಾತ್ರ ಭಾಳ ಛಲೋ ಕಾಣತಾವ. ಅವನ್ನ ನೋಡಿ ಒಂದು ಗೇಣು ಈ ಕಡೆ ಒಗೀತೀನಿ."

ಜನ ನಕ್ಕರು. ನಾನು ಸಂಘಟಕರ ಕಡೆ ನೋಡಿದೆ. "ಚಸ್ಮಾ ಇರಬೇಕಂತ ನಿಯಮದಾಗ ಇಲ್ಲರಿ" ಅಂದುಬಿಟ್ಟರು.

ಒಂದೊಂದು ಡಾರ್ಟೂ ಸುಂಯ್ ಅಂತ ಬಂದು ಠಕ್ ಅಂತ ನಾಟುತ್ತಿತ್ತು. ನಾನು ಮೊದಲು ಕಿವಿ ಮುಟ್ಟಿ ನೋಡಿಕೊಂಡು, ಆಮೇಲೆ ಅಂಕ ಬರೆಯುತ್ತಿದ್ದೆ.

ಕೊನೆಗೆ ಹಸೀನಾಬಿ ಗೆದ್ದರು. ಬದುಕಿದೆ ಅಂದುಕೊಂಡು ಬಾಗಿಲ ಕಡೆ ಹೊರಟೆ. ಅಷ್ಟರಲ್ಲಿ ಮೈಕು ಕೂಗಿತು: "ಫೈನಲ್‌ಗೂ ಆ ಕಿವಿ ಸರ್ ಅವರ ನಿಂದರಬೇಕಂತ ಹಸೀನಾಬಿ ಅವರು ಕೇಳ್ಯಾರ. ಎಲ್ಲಿದ್ದರೂ ಲಗೂನ ಬರ್ರಿ!"

ಹೋಗಿ ನಿಂತೆ. ಸಾಲಿಯಲ್ಲಿ ಮಾಸ್ತರು ಹಿಂಡಿ ಹಿಂಡಿ ಬೆಳೆಸಿದ ಕಿವಿಗಳು ಇವು. ಯಾವುದಕ್ಕೆ ಬೆಳೆಸುತ್ತಿದ್ದೇನೆ ಅಂತ ಪಾಪ, ಅವರಿಗೂ ಗೊತ್ತಿರಲಿಲ್ಲ.