ಮಾಳಿಗೆಯ ಮೇಲೆ ಆರಿಸಿದ ಜಿಪಿಎಸ್

ನಮ್ಮ ಸರ್ವೆ ಕಚೇರಿಗೆ ಹೊಸ ಜಿಪಿಎಸ್ ಯಂತ್ರ ಆರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಾರಣ, ಆ ದಿನ ಮೀಟಿಂಗಿಗೆ ತಡವಾಗಿ ಹೋದವನು ನಾನೊಬ್ಬನೇ. ಅಮ್ರಾಬಾದಿನ ಕಾಡಿನಲ್ಲಿ ಗಡಿಕಲ್ಲುಗಳನ್ನು ಅಳೆಯಬೇಕಿತ್ತು. ತಪ್ಪು ಒಂದೆರಡು ಸೆಂಟಿಮೀಟರು ದಾಟಬಾರದು. ಇದಕ್ಕೆ ಮೊಬೈಲಿನ ಜಿಪಿಎಸ್ ನಡೆಯುವುದಿಲ್ಲ. ನಾವು ನಮ್ಮ ಅಂಗಳದಲ್ಲಿದ್ದರೆ ಅದು ಪಕ್ಕದವರ ಅಡುಗೆಮನೆಯಲ್ಲಿದ್ದೀರಿ ಅನ್ನುತ್ತದೆ.

ಮಾರುವವರು ಎರಡು ಬಗೆ ತಂದಿಟ್ಟರು. ಮೊದಲನೆಯದು ಜೋಡಿ ಯಂತ್ರ: ಒಂದನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದೇ ಕಡೆ ನಿಲ್ಲಿಸಬೇಕು, ಇನ್ನೊಂದನ್ನು ಕೋಲಿಗೆ ಸಿಕ್ಕಿಸಿಕೊಂಡು ಅಲೆಯಬೇಕು. ನಿಂತದ್ದು ಅಲೆಯುವುದರ ತಪ್ಪನ್ನು ರೇಡಿಯೋ ಮೂಲಕ ತಿದ್ದುತ್ತಿರುತ್ತದೆ. ಬ್ಯಾಟರಿ ಸೇರಿದರೆ ಒಂದು ಮೂಟೆ. ಎರಡನೆಯದು ಒಂಟಿ, ಹಗುರ. ತಿದ್ದುಪಡಿಯನ್ನು ಮೊಬೈಲ್ ನೆಟ್‌ವರ್ಕಿನಿಂದ ಪಡೆಯುತ್ತದೆ.

ಹಳೆಯ ಜೋಡಿ ಯಂತ್ರದ ಕಾಲದಿಂದ ನಮ್ಮಲ್ಲಿ ಸೇಡಂ ಕಡೆಯವನೊಬ್ಬನಿದ್ದ. ನನ್ನ ಓರಗೆಯವನೇ, ಐವತ್ತು ದಾಟಿತ್ತು. ಮೂಟೆ ಹೊರುವುದು, ನಿಂತ ಯಂತ್ರದ ಬಳಿ ಇಡೀ ದಿನ ಕೂತು ದನ, ಮೇಕೆ, ಊರ ಜನರಿಂದ ಅದನ್ನು ಕಾಯುವುದು ಅವನ ಕೆಲಸ. ಮೇಕೆಗಳಿಗೆ ಸ್ಟ್ಯಾಂಡಿಗೆ ಮೈ ಉಜ್ಜುವ ಚಟ. ಒಂಟಿ ಯಂತ್ರ ಬಂದರೆ ಕಾಯುವುದಕ್ಕೇನೂ ಇರುವುದಿಲ್ಲ, ಇವನನ್ನು ಕೆಲಸದಿಂದ ಬಿಡಿಸಬಹುದು ಎಂದು ಮ್ಯಾನೇಜರ್ ಅವನೆದುರೇ ಹೇಳಿದರು. ಅವನು ಚಹಾ ಕುಡಿದು ಗ್ಲಾಸು ತೊಳೆದಿಟ್ಟ.

ಪರೀಕ್ಷೆಯನ್ನು ಮಿಯಾಪುರದ ನಮ್ಮ ಕಚೇರಿಯ ಮಾಳಿಗೆಯ ಮೇಲೆ ಮಾಡಿದೆ. ನಮ್ಮ ಕಸುಬಿನವರೆಲ್ಲ ಹಾಗೇ. ಕಾಡಿಗೆ ಬೇಕಾದ ಯಂತ್ರವನ್ನು ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ ನೋಡುತ್ತೇವೆ. ಅಲ್ಲಿಂದ ನಾಲ್ಕು ಮೊಬೈಲ್ ಟವರು ಕಾಣುತ್ತವೆ. ಒಂಟಿ ಯಂತ್ರ ಅರ್ಧ ನಿಮಿಷದಲ್ಲಿ ಒಂದು ಸೆಂಟಿಮೀಟರಿಗೆ ಬಂದು ಕೂತಿತು. ಜೋಡಿ ಯಂತ್ರವನ್ನು ಅವನು ಐದು ಮಹಡಿ ಹೊತ್ತು ತಂದ, ಲಿಫ್ಟ್ ಇದ್ದರೂ. ಏದುಸಿರು ಕೇಳಿಸಬಾರದೆಂದು ಬಾಯಿ ಬಿಗಿಹಿಡಿದಿದ್ದ. ಅದೂ ಅಷ್ಟೇ ಚೆನ್ನಾಗಿ ಅಳೆಯಿತು, ಇಪ್ಪತ್ತು ನಿಮಿಷ ತಡವಾಗಿ.

“ಸಾಹೇಬ್ರ, ಆ ಕಾಡಿನ್ಯಾಗ ಫೋನ್ ಹತ್ತೂದಿಲ್ರಿ. ಭಾರದ್ದ ತಗೋರಿ,” ಅಂದ.

ಆ ಕಾಡಿಗೆ ಹಿಂದೊಮ್ಮೆ ಹೋಗಿಬಂದವನು ನಮ್ಮ ಪೈಕಿ ಅವನೊಬ್ಬನೇ. ಆದರೂ ಕೆಲಸ ಉಳಿಸಿಕೊಳ್ಳಲು ಹೇಳುತ್ತಿದ್ದಾನೆ ಎಂದುಕೊಂಡೆ. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದರಿಂದಲೇ ಇನ್ನಷ್ಟು ನಿಷ್ಪಕ್ಷಪಾತಿಯಾದೆ. ವರದಿಯಲ್ಲಿ ಒಂಟಿ ಯಂತ್ರವನ್ನು ಹೊಗಳಿ ಬರೆದೆ, ತೂಕದ ಬಗ್ಗೆಯೇ ಒಂದು ಪೂರ್ತಿ ಪ್ಯಾರಾ. ಆ ತಿಂಗಳ ಕೊನೆಗೆ ಅವನನ್ನು ಬಿಡಿಸಿದರು.

ಕಾಡಿನಲ್ಲಿ ಮೊದಲ ಗಡಿಕಲ್ಲಿನ ಮೇಲೆ ಒಂಟಿ ಯಂತ್ರದ ಕೋಲು ನಿಲ್ಲಿಸಿದೆ. ನೆಟ್‌ವರ್ಕ್ ಇಲ್ಲ ಎಂದು ಯಂತ್ರ ತೋರಿಸಿತು. ಎರಡನೆಯ ಕಲ್ಲಿನ ಮೇಲೂ ಅದೇ. ನಾಲ್ಕು ದಿನ ಕೋಲು ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿದೆ. ಸಿಕ್ಕಿದ್ದು ಒಂದೇ ಕಡೆ, ಬೋಳು ಬಂಡೆಯ ಮೇಲೆ. ಅಲ್ಲಿ ಗಡಿಕಲ್ಲು ಇರಲಿಲ್ಲ. ಆ ಬಂಡೆಯನ್ನೇ ಒಂದು ಸೆಂಟಿಮೀಟರಿನ ಖಚಿತತೆಯಲ್ಲಿ ಅಳೆದುಕೊಂಡು ಬಂದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಅದು ಐದನೆಯ ದಿನ ಬಂತು.

ಹಿಂತಿರುಗಿ ಜೋಡಿ ಯಂತ್ರ ತರಿಸಿದೆವು. ಅವನನ್ನು ಹುಡುಕಿಕೊಂಡು ನಾನೇ ಹೋದೆ. ಮಿಯಾಪುರದಲ್ಲೇ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಇಟ್ಟಿಗೆ ಹೊರುತ್ತಿದ್ದ. ವಾಪಸ್ ಬಾ ಅಂದೆ, ಆಯಿತೆಂದು ತಲೆಯಾಡಿಸಿದ. ನಾನು ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಅವತ್ತು ನೀನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದು, ತಪ್ಪಿನಲ್ಲಿ ಸ್ವಲ್ಪ ಅವನ ತಲೆಗೂ ಹೊರಿಸಲು ನೋಡಿದೆ.

ಅವನು ತಲೆಯ ಸಿಂಬಿ ಬಿಚ್ಚಿ ಧೂಳು ಕೊಡವಿದ.

“ಹೊಟ್ಟಿಪಾಡಿಗೆ ಹೇಳಾಕತ್ತಾನ ಅಂತ ತಿಳಕೊಂಡ್ರಿ ನೀವು. ಹೌದ್ರಿ, ಹೊಟ್ಟಿಪಾಡಿಗೇ ಹೇಳೀನಿ. ಅಷ್ಟಕ್ಕ ಅದು ಸುಳ್ಳ ಆಗ್ತೈತೇನ್ರಿ?”

ನಾಚಿಕೆಯಾಯಿತು. ಉಳಿದ ಇಟ್ಟಿಗೆ ಮುಗಿಸಿ ಬರುತ್ತೇನೆಂದು ಅವನು ಮತ್ತೆ ಸಿಂಬಿ ಸುತ್ತಿಕೊಂಡ.