ಆರು ತಿಂಗಳು ಗಾಡಿ ನೋಡಿದವನು

ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ನನ್ನ ಮೈದುನ ಬಾಳಾಸಾಹೇಬ ಅದರ ಪಕ್ಕ ತುದಿಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಎಂಜಿನ್ನಿಗೆ ಕಿವಿಗೊಡುತ್ತಿದ್ದ. ಆಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಒಳಗೆ ಕುಕ್ಕರ್ ಕೂಗಿದರೆ, "ವೈನಿ, ಅದನ್ನ ಬಂದ್ ಮಾಡ್ರಿ" ಎಂದು ಅಂಗಳದಿಂದಲೇ ಒದರುತ್ತಿದ್ದ. ಮನೆಯ ಬೇಳೆ ಬೇಯಬೇಕೋ ಬೇಡವೋ ಎಂಬುದನ್ನು ಅವನ ಗಾಡಿಯನ್ನು ಕೇಳಬೇಕಿತ್ತು! ನಾನು ಬಂದ್ ಮಾಡುತ್ತಿರಲಿಲ್ಲ. ಇನ್ನೆರಡು ಸೀಟಿ ಹೆಚ್ಚೇ ಹೊಡೆಸುತ್ತಿದ್ದೆ.

ಅದು ಗುಡ್ಡ ಹತ್ತುವ, ಹಳ್ಳ ದಾಟುವ ಎತ್ತರದ ಮೋಟಾರ್‌ಸೈಕಲ್ಲು. ಮುಂದೆ ಹಕ್ಕಿಯ ಕೊಕ್ಕಿನಂಥ ಮಡ್‌ಗಾರ್ಡು, ಹಿಂದೆ ಎರಡೂ ಕಡೆ ಕಬ್ಬಿಣದ ಪೆಟ್ಟಿಗೆ. ಲಡಾಖಿಗೆ ಹೋಗುವವರು ಕೊಳ್ಳುವ ಗಾಡಿಯಂತೆ. ಇವನು ಅದರ ಮೇಲೆ ಐಗಳಿಯಿಂದ ಅಥಣಿಗೆ ಹೋಗಿ ದ್ರಾಕ್ಷಿಗೆ ಹೊಡೆಯುವ ಔಷಧಿ ತರುತ್ತಿದ್ದ. ಬರುವಾಗ ಪೆಟ್ಟಿಗೆಯಲ್ಲಿ ಬದನೆಕಾಯಿ. ವರ್ಷಕ್ಕೊಮ್ಮೆ ನನ್ನನ್ನು ಹಿಂದೆ ಕೂರಿಸಿಕೊಂಡು ಕೊಕಟನೂರ ಎಲ್ಲಮ್ಮನ ಗುಡಿಗೆ ಹೋಗಿ ಬರುತ್ತಿದ್ದ. "ಯಾವಾಗ ಹೊಂಟೀಪಾ ಲಡಾಖಕ್ಕ?" ಎಂದು ಕೇಳಿದರೆ, "ತ್ವಾಟದ ಕೆಲಸ ಒಂದೀಟ ಮುಗೀಲಿ ವೈನಿ" ಎನ್ನುತ್ತಿದ್ದ. ದ್ರಾಕ್ಷಿ ತೋಟದ ಕೆಲಸ ಮುಗಿದದ್ದನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ.

ನಮ್ಮ ಯಜಮಾನರು ಹೋದ ಮೇಲೆ ಮನೆಗೆ ಅವನೇ ಹಿರಿಯ. ಅವನ ಹೆಂಡತಿ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದಳು. ಆಗ ಮಗಳು ಸುವರ್ಣಾ ಸರಿಯಾಗಿ ಮಾತು ಕಲಿತಿರಲಿಲ್ಲ. ನಾನು ಬೆಳೆಸಿದೆ. ಅದರಲ್ಲಿ ದೊಡ್ಡದೇನಿಲ್ಲ. ನನ್ನ ಮಕ್ಕಳ ಜೊತೆ ಅವಳಿಗೂ ಒಂದು ತಾಟು ಹಾಕಿದೆ, ಅಷ್ಟೇ. ಎರಡನೇ ಮದುವೆ ಮಾಡಿಕೊಳ್ಳಲಿಲ್ಲವೆಂದು ಊರವರು ಬಾಳಾಸಾಹೇಬನನ್ನು ಹೊಗಳುತ್ತಿದ್ದರು. ತಾಟು ಹಾಕಿದವಳನ್ನು ಯಾರೂ ಹೊಗಳಲಿಲ್ಲ.

ಸುವರ್ಣಾ ಕೆಲಸಕ್ಕೆ ಹೋಗತೊಡಗಿದ ಮೇಲೆ ಒಂದು ವರ್ಷ, ದ್ರಾಕ್ಷಿ ಬಳ್ಳಿ ಕತ್ತರಿಸುವ ಹೊತ್ತಿಗೆ ಅದೇ ಕಂಪನಿಯ ಹೊಸ ಮಾಡೆಲ್ ಬಂತು. ಅವನಿಗೆ ಹುಚ್ಚು ಹಿಡಿಯಿತು. ಹೊಸದರ ಎಂಜಿನ್ ನೀರಿನಿಂದ ತಣ್ಣಗಾಗುತ್ತದಂತೆ, ಮುಂದಿನ ಪರದೆಯಲ್ಲಿ ದಾರಿಯ ನಕ್ಷೆ ಕಾಣುತ್ತದಂತೆ. ಹಳೆಯದನ್ನು ಕೊಟ್ಟು ಇದನ್ನು ತರಬೇಕೋ, ಹಳೆಯದರಲ್ಲೇ ಇರಬೇಕೋ? ಊಟಕ್ಕೆ ಕೂತರೆ ಅದೇ ಮಾತು. ತುತ್ತು ಕೈಯಲ್ಲಿ ಹಿಡಿದು, "ಹಳೇದು ಎಮ್ಮಿ ಇದ್ದಂಗ ವೈನಿ, ಸಾವಕಾಶ ಹೋಗ್ತೈತಿ, ಆದ್ರ ಎಂದೂ ಕೈ ಕೊಟ್ಟಿಲ್ಲ. ಹೊಸಾದು ಕುದರಿ. ಆದ್ರ ಕುದರಿ ಬ್ಯಾನಿ ಬಿದ್ರ ಅಥಣ್ಯಾಗ ಯಾರ ನೋಡ್ತಾರ?" ಎಂದು ನನ್ನ ಮುಖ ನೋಡುತ್ತಿದ್ದ. ನಾನು ಸಾರು ಬಡಿಸುತ್ತಿದ್ದೆ.

ಅವನು ಕೇಳದ ಮನುಷ್ಯನಿರಲಿಲ್ಲ. ಚಿಕ್ಕೋಡಿಯಲ್ಲಿ ಯಾರೋ ಹೊಸ ಗಾಡಿ ತಂದಿದ್ದಾರೆಂದು ಅಲ್ಲಿಗೆ ಹೋಗಿ, ಪರಿಚಯವಿಲ್ಲದವರ ಮನೆಯಲ್ಲಿ ಊಟ ಮಾಡಿ, ಅದನ್ನು ಓಡಿಸಿ ಬಂದ. ರಾಯಬಾಗದಲ್ಲಿ ಇನ್ನೊಬ್ಬನನ್ನು ಹುಡುಕಿದ. ನಿಪ್ಪಾಣಿಯ ಶೋರೂಮಿನವರು ಇವನ ಮುಖ ಕಂಡರೆ ಕೇಳದೆಯೇ ಚಾ ತರಿಸುವಂತಾದರು. ಪಾನ್‌ಪಟ್ಟಿಯವನನ್ನೂ ಕೇಳಿದ. ಆ ಪಾನ್‌ಪಟ್ಟಿಯವನಿಗೆ ಸೈಕಲ್ಲೂ ಬಾರದು.

ಇದೇ ಮನುಷ್ಯ, ನಮ್ಮ ಮಿಕ್ಸರ್ ಸುಟ್ಟುಹೋದಾಗ ಏನು ಮಾಡಿದ? ಅಂಗಡಿಯವನು ಕೊಟ್ಟದ್ದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದ. ಮುಚ್ಚಳವೇ ಕೂಡುತ್ತಿರಲಿಲ್ಲ. ಖಾರ ರುಬ್ಬಿದರೆ ಗೋಡೆಗೆಲ್ಲ ಖಾರ.

ಮಿಕ್ಸರ್ ಹಾಳಾಗಿ ಹೋಗಲಿ. ದ್ರಾಕ್ಷಿ ಒಣಗಿ ಡಬ್ಬಿ ಸೇರಿದರೂ ಅವನ ಗಾಡಿಯ ವಿಚಾರ ಮುಗಿದಿರಲಿಲ್ಲ. ಆ ದಿನಗಳಲ್ಲೇ ಸುವರ್ಣಾಳ ಸೋದರಮಾವ ಭೀಮಣ್ಣ ಒಂದು ಗಂಡು ತಂದ. ನಿಪ್ಪಾಣಿ ಕಡೆಯವರು, ತಂಬಾಕು, ಕಬ್ಬು ಎಲ್ಲ ಇದ್ದವರು. ಕಾರಿನಲ್ಲಿ ಬಂದರು, ಶಿರಾ ತಿಂದರು, ಹುಡುಗಿಯ ಹೆಸರು ಕೇಳಿದರು. ಅಥಣಿಯಲ್ಲಿ ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಮಾಡುವವಳು ಅವಳು. ಹುಡುಗನ ತಾಯಿ, "ಅದನ್ನೆಲ್ಲಾ ಬಿಡೂದ ಐತಿ ಬಿಡ್ರಿ" ಎಂದಳು. ಬಾಳಾಸಾಹೇಬ ಕೇಳಿದ್ದು ಒಂದೇ: ಕಬ್ಬು ಯಾವ ಫ್ಯಾಕ್ಟರಿಗೆ ಹೋಗುತ್ತದೆ? ಚಾ ಆರುವುದರೊಳಗೆ ಮದುವೆ ನಿಶ್ಚಯದ ಸಕ್ಕರೆ ಪುಡಿ ಶಾಸ್ತ್ರಕ್ಕೆ ದಿನ ಹಿಡಿದಾಗಿತ್ತು.

ಕಾರು ತಿರುವು ದಾಟುವವರೆಗೆ ನಾನು ತಡೆದುಕೊಂಡೆ. ಆಮೇಲೆ ಭೀಮಣ್ಣನ ಎದುರಿಗೇ ಕೇಳಿದೆ.

"ಬಾಳು, ಆ ಹೊಸಾ ಗಾಡಿ ಮ್ಯಾಲ ಎಷ್ಟ ಸಲ ಹತ್ತಿ ಇಳದೀಪಾ?"

"ಯಾಕ್ರಿ ವೈನಿ?"

"ಹೇಳು."

"ಲೆಕ್ಕಾ ಯಾರ ಇಟ್ಟಾರ್ರಿ? ಭಾಳ ಸಲ."

"ಈ ಹುಡುಗನ ಸಂಗಾಟ ಎಷ್ಟೊತ್ತು ಕುಂತಿ?"

ಭೀಮಣ್ಣ ನಡುವೆ ಬಾಯಿ ಹಾಕಿದ. "ಅಕ್ಕಾ, ಗಾಡಿ ಬ್ಯಾರೆ, ಮಂದಿ ಬ್ಯಾರೆ. ಮನಿತನ ಚಲೋ ಐತೋ ಇಲ್ಲೋ, ಅಷ್ಟ ನೋಡಿದ್ರ ಸಾಕು."

"ಗಾಡಿಗೂ ಕಂಪನಿ ನೋಡಿದ್ರ ಸಾಕಲ್ಲ? ಕಂಪನಿ ಅದ ಐತಲ್ಲ. ಮತ್ಯಾಕ ಇಂವ ಆರು ತಿಂಗಳಿಂದ ಊರೂರು ತಿರಗ್ಯಾಡಾಕತ್ತಾನ?"

"ಮಾತಿಗೆ ಮಾತ ಹಚ್ಚಬ್ಯಾಡ್ರಿ ಅಕ್ಕಾ."

"ನಿನ್ನ ಕೂಡ ಮಾತಾಡಾಕತ್ತಿಲ್ಲ ನಾ. ಬಾಳು, ಸುವರ್ಣಾನ್ನ ಕೇಳಿದೇನು?"

"ಅಕಿಗೇನ ತಿಳೀತೈತ್ರಿ ವೈನಿ, ಇನ್ನಾ ಸಣ್ಣಾಕಿ."

"ಪಾನ್‌ಪಟ್ಟ್ಯಾಂವಗ ಎಂಜಿನ್ ತಿಳೀತೈತಿ, ನಿನ್ನ ಮಗಳಿಗೆ ಗಂಡ ತಿಳ್ಯಾಂಗಿಲ್ಲ! ಗಾಡಿ ಸರಿ ಬರದಿದ್ರ ಮಾರಬಹುದು. ಇದನ್ನ ಯಾರಿಗೆ ಮಾರ್ತೀದಿ?"

ಅವನ ಮುಖ ಕಪ್ಪಿಟ್ಟಿತು. "ನಾ ಏನ ಅಕಿ ವೈರಿ ಅದೀನೇನ್ರಿ?" ಎಂದು ಹೊರಗೆ ಹೋದ. ಆಮೇಲೆ ಎರಡು ದಿನ ಗೋಡೆಗೆ ಮುಖ ಮಾಡಿಕೊಂಡು ಉಂಡ. ನಾನೂ ಬಡಿಸಿದೆ, ಕರೆಯಲಿಲ್ಲ.

ಮೂರನೆಯ ದಿನ ಆ ಹುಡುಗನಿಗೆ ಫೋನ್ ಮಾಡಿದ. "ನೀವು ಹರೇದವ್ರು, ಗಾಡಿ ತಿಳದವ್ರು. ನಿಪ್ಪಾಣಿ ಶೋರೂಮಿಗೆ ಬರ್ರಿ. ಹೊಸಾದನ್ನ ನೀವು ಹೊಡೀರಿ, ನಾ ಹಿಂದ ಕುಂಡರ್ತೀನಿ. ತಗೋಬೇಕೋ ಬ್ಯಾಡೋ ನೀವ ಹೇಳ್ರಿ." ನನಗೆ ಮೈ ಉರಿದುಹೋಯಿತು. ಮಗಳ ಮದುವೆಯ ನಡುವೆಯೂ ಇವನಿಗೆ ಗಾಡಿಯದೇ ಧ್ಯಾನ ಎಂದುಕೊಂಡೆ.

ಸಂಜೆ ಬಂದವನು ಪ್ಯಾಂಟಿನ ತುಂಬ ರಾಡಿ ಮಾಡಿಕೊಂಡಿದ್ದ. ಕಟ್ಟೆಯ ಮೇಲೆ ಕೂತು ನೀರು ಕೇಳಿದ. ಹಿಂದಿನ ದಿನ ಬೇಸಿಗೆಯ ಅಡ್ಡಮಳೆ ಬಿದ್ದು ಅಲ್ಲಿನ ರಸ್ತೆಯ ಗುಂಡಿಗಳಲ್ಲಿ ನೀರು ನಿಂತಿತ್ತಂತೆ. ಹೆದ್ದಾರಿ ಬಿಟ್ಟು ಒಳದಾರಿಗೆ ಇಳಿದಾಗ ಎದುರಿಗೆ ಬೀಡಿ ಕಟ್ಟುವ ಹೆಂಗಸರು, ಕಟ್ಟಿದ ಬೀಡಿಯ ಬುಟ್ಟಿಗಳನ್ನು ಹೊತ್ತು ಕಾರ್ಖಾನೆಗೆ ಹೊರಟಿದ್ದರಂತೆ. ಹುಡುಗ ಗುಂಡಿ ತಪ್ಪಿಸಲಿಲ್ಲ. ವೇಗ ಏರಿಸಿ ನೀರಿನೊಳಗೇ ನುಗ್ಗಿಸಿದ.

"ರಾಡಿ ಎಲ್ಲಾ ಬುಟ್ಟ್ಯಾಗ ಹೋತು ವೈನಿ. ತೊಯ್ದ ಬೀಡಿ ಕಾರ್ಖಾನ್ಯಾಗ ತಗೋಳಾಂಗಿಲ್ಲ, ಚೆಲ್ತಾರ. ಅವ್ರ ಇಡೀ ದಿನದ ದುಡಿತ. ನಾ ನಿಂದರ್ಸು ಅಂದ್ನಿ. ಅಂವ ನಗಾಕತ್ತಿದ್ದ. 'ಪಿಕಪ್ ನೋಡಿದ್ರೇನ ಮಾವಾ' ಅಂದ. ಮತ್ತ ನಿಂದರ್ಸು ಅಂದ್ನಿ. 'ಬೀಡಿ ಕಟ್ಟಾವ್ರು ಬಿಡ್ರಿ ಮಾವಾ, ನಾಳೆ ಮತ್ತ ಕಟ್ತಾರ' ಅಂದ."

"ಮುಂದ?"

"ಪೆಟ್ರೋಲ್ ಪಂಪಿನ ಹಂತ್ಯಾಕ ನಿಂದರ್ಸಿದ. ನಾ ಇಳದ ಹಿಂದಕ ನಡಕೋತ ಹೋದ್ನಿ, ತಪ್ಪಾತ್ರಿ ಅನ್ನಾಕ."

"ಅವ್ರೇನಂದ್ರು?"

"ನನ್ನ ಬೈದ್ರು. ನಮ್ಮವ್ವನ್ನೂ ಹಿಡದ ಬೈದ್ರು. ಮರಾಠ್ಯಾಗ ಒಂದಿಷ್ಟು, ಕನ್ನಡದಾಗ ಒಂದಿಷ್ಟು."

"ಚಲೋ ಮಾಡಿದ್ರು" ಎಂದೆ.

ಮರುದಿನ ಭೀಮಣ್ಣನನ್ನು ಕರೆಸಿ ಸಂಬಂಧ ಬೇಡವೆಂದ. ಭೀಮಣ್ಣ ಕುಣಿದಾಡಿದ. ರಾಡಿ ಸಿಡಿದದ್ದಕ್ಕೆ ಯಾರಾದರೂ ಮದುವೆ ಬಿಡುತ್ತಾರೆಯೇ, ನಾಳೆ ಜನಕ್ಕೆ ಏನು ಹೇಳಲಿ ಎಂದ. ಬಾಳಾಸಾಹೇಬ, "ಹುಡುಗಗ ಬ್ರೇಕ್ ಇಲ್ಲಂತ ಹೇಳು" ಎಂದ. ಅದು ಊರೆಲ್ಲ ಹಬ್ಬಿತು. ಜನ ನಕ್ಕರು, ಅವನಿಗೆ ತಲೆ ಕೆಟ್ಟಿದೆ ಎಂದರು. ಭೀಮಣ್ಣ ನಮ್ಮ ಮನೆಗೆ ಬರುವುದನ್ನೇ ಬಿಟ್ಟ.

ಹೊಸ ಗಾಡಿಯನ್ನೂ ಅವನು ತರಲಿಲ್ಲ. ಯಾಕೋ ಎಂದರೆ, "ಗಾಡಿ ಭಾರಿ ಐತ್ರಿ ವೈನಿ. ಗುಂಡ್ಯಾಗ ಬಿದ್ರೂ ಗೊತ್ತಾಗಾಂಗಿಲ್ಲ. ಆದ್ರ ಅದನ್ನ ನೋಡಿದ್ರ ಅವನ ಬೆನ್ನ ಕಾಣ್ತೈತಿ" ಎಂದ. ಇದೂ ನನಗೆ ಸರಿಬರಲಿಲ್ಲ. ಹುಡುಗ ಕೆಟ್ಟವನಾದರೆ ಗಾಡಿ ಏನು ಮಾಡೀತು? ಬೇಕಾದರೆ ತಗೋ ಎಂದೆ. ತಲೆ ಅಲ್ಲಾಡಿಸಿದ. ಹಳೆಯದಕ್ಕೆ ಹೊಸ ಚೈನು, ಹೊಸ ಸೀಟು ಹಾಕಿಸಿಕೊಂಡು ಅದರಲ್ಲೇ ತೋಟಕ್ಕೆ ಹೋಗಿ ಬಂದ.

ಅವನ ಮೇಲೆ ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಕಟ್ಟುವಾಗಲೂ ಮಗಳನ್ನು ಕೇಳಲಿಲ್ಲ, ಬಿಡಿಸುವಾಗಲೂ ಕೇಳಲಿಲ್ಲ. ಅವಳೇನು ತೋಟದಲ್ಲಿ ನೆಟ್ಟ ಕಲ್ಲುಕಂಬವೇ? ಅವಳ ಮನಸ್ಸಿನಲ್ಲಿ ಏನಿತ್ತೋ, ಯಾರಿಗೆ ಗೊತ್ತು? ಒಂದು ವರ್ಷ ಪೂರ್ತಿ, ರೊಟ್ಟಿ ಬಡಿಯುವಾಗ, ಬಡಿಸುವಾಗ, ಇದನ್ನೇ ಹೇಳಿ ಹೇಳಿ ಅವನ ತಲೆ ತಿಂದೆ. ಅವನು ತಾಟು ನೋಡುತ್ತ ಉಣ್ಣುತ್ತಿದ್ದ. ಒಮ್ಮೊಮ್ಮೆ, "ಖರೇ ಐತ್ರಿ ವೈನಿ" ಎನ್ನುತ್ತಿದ್ದ.

ಮರುವರ್ಷ ಒಂದು ಮಧ್ಯಾಹ್ನ ಎದೆ ಉರಿಯುತ್ತದೆ ಎಂದ. ಸೋಡಾ ಕುಡಿದು ಮಲಗಿದ. ದವಾಖಾನೆಗೆ ನಡಿ ಎಂದರೆ, ಗ್ಯಾಸು ಎಂದ. ಬೆವರು ಇಳಿಯತೊಡಗಿದ ಮೇಲೆ ಬಾಜೂ ಮನೆಯವರ ಕಾರಿನಲ್ಲಿ ಮಿರಜಿಗೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಏನೋ ಹೇಳಲು ಬಾಯಿ ತೆರೆದ, ತಿಳಿಯಲಿಲ್ಲ. ಸುಮ್ಮನಿರು ಎಂದೆ. ಕಾಗವಾಡ ದಾಟುವುದರೊಳಗೆ ಸುಮ್ಮನಾಗಿದ್ದ.

ಅವನ ದಿವಸದ ಊಟಕ್ಕೆ ಭೀಮಣ್ಣ ಬಂದ. ಉಂಡು ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡು, ಇದ್ದವರೆಲ್ಲರಿಗೂ ಕೇಳುವಂತೆ ಹೇಳಿದ. "ಮಗಳ ಚಿಂತ್ಯಾಗ ಹೋದ ನೋಡ್ರಿ. ಅಕ್ಕಾ, ಆ ಹುಡುಗಂದು ಇನ್ನಾ ಲಗ್ನ ಆಗಿಲ್ಲ. ತಂದಿ ಇಲ್ಲದ ಹುಡಿಗಿ ಅಂತ ಕರುಣಾ ಮಾಡಿ ಅವ್ರು ಈಗೂ ತಯಾರ ಅದಾರ. ಇನ್ನ ನೀವು ಹಿರೇರು, ಹೂಂ ಅಂದ್ರ ಆತು."

ಸತ್ತವನ ಮನೆಯ ಊಟ ಅವನ ಹೊಟ್ಟೆಯಲ್ಲಿ ಇನ್ನೂ ಕೆಳಗಿಳಿದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ, ತಾಟು ತೆಗೆಯುತ್ತಿದ್ದ ಸುವರ್ಣಾ ಎದ್ದು ನಿಂತಳು.

"ಮಾಮಾ, ಆ ಸಂಬಂಧ ಬ್ಯಾಡಂದಾಕಿ ನಾ."

"ಏನಂದಿ?"

"ನಿಪ್ಪಾಣಿಂದ ಬಂದ ದಿನ ಅಪ್ಪ ನನಗ ಎಲ್ಲಾ ಹೇಳಿ, ಏನ ಮಾಡೂಣು ಅಂತ ಕೇಳಿದ. ನಾ ಬ್ಯಾಡಂದ್ನಿ. 'ನೀ ಬ್ಯಾಡಂದದ್ದು ಯಾರಿಗೂ ತಿಳೀಬಾರ್ದು, ನಾಳೆ ನಿನ್ನ ಮ್ಯಾಲ ಮಾತ ಬರ್ತಾವು, ನಾ ಏನರೆ ನೆವಾ ಹೇಳ್ತೀನಿ' ಅಂದ. ಈಗ ಹೇಳಾಕತ್ತೀನಿ. ನಾ ಒಲ್ಲೆ."

ನನಗೆ ಭೀಮಣ್ಣ ಕಾಣಲೇ ಇಲ್ಲ. "ನನಗ್ಯಾಕ ಹೇಳಲಿಲ್ಲ?" ಎಂದೆ. "ವರ್ಷಗಟ್ಟಲೆ ಅವನ್ನ ಬೈದ್ನಲ್ಲ, ಕೇಳಕೋತ ಕುಂತಿದ್ದನಲ್ಲ!"

"ದೊಡ್ಡವ್ವನ ಬಾಯಾಗ ಮಾತ ನಿಂದರಾಂಗಿಲ್ಲ ಅಂದಿದ್ದ ಅಪ್ಪ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳನ್ನು ಬೆಳೆಸಿದವಳು ನಾನು. ಆ ಮಾತನ್ನು ಅವನ ಬಾಯಿಂದಲೇ ಕೇಳಿ, ಅಲ್ಲೇ ಅವನ ಚರ್ಮ ಸುಲಿಯುವಷ್ಟು ಬೈಯಬೇಕಿತ್ತು. ಹೊರಗೆ ನೋಡಿದೆ. ಊಟಕ್ಕೆ ಬಂದವರ ಚಪ್ಪಲಿಗಳಿದ್ದವು. ಬೈಯಬೇಕಾದವನು ಇರಲಿಲ್ಲ. ಭೀಮಣ್ಣ ಇದ್ದ. ಅವನನ್ನೇ ಬೈದು ಕಳಿಸಿದೆ.